ಮೂರು ಸೇರುವವರೆಗೆ ಹಚ್ಚದ ಕುಲುಮೆ

ಅಕ್ಕಾ,

ಕೆಲಸ ಸಿಕ್ಕಿತು. ನಗರಸಭೆಯ ಚಿತಾಗಾರದಲ್ಲಿ ಗ್ಯಾಸ್ ಕುಲುಮೆ ಕಾಯಿಸುವುದು. ಅಮ್ಮನಿಗೆ ಬೇಕರಿ ಎಂದೇ ಹೇಳು. ಬೆಂಕಿಯ ಮುಂದೆ ನಿಲ್ಲುವುದಂತೂ ಸುಳ್ಳಲ್ಲ. ಕೆಮ್ಮು ಕಡಿಮೆಯಾಗಿದೆ, ಮಾತ್ರೆ ಕಳಿಸಬೇಡ.

ಊರಿನ ಗಾಳಿಗೆ ಸೇರುವ ಇಂಗಾಲ ಇಳಿಸಲು ನಗರಸಭೆ ಹೊಸ ಯೋಜನೆ ತಂದಿದೆ. ಒಂದೇ ಹೆಣಕ್ಕಾಗಿ ತಣ್ಣನೆಯ ಕುಲುಮೆ ಕಾಯಿಸಿದರೆ ಗ್ಯಾಸ್ ದಂಡ, ಹೊಗೆಯೂ ಹೆಚ್ಚು. ಆದ್ದರಿಂದ ಮೂರು ಸೇರುವವರೆಗೆ ಹಚ್ಚುವಂತಿಲ್ಲ. ಲೆಕ್ಕ ಸರಿಯಾಗಿಯೇ ಇದೆ, ಬೈಯೋಣವೆಂದರೆ ಬಾಯಿ ಬರುವುದಿಲ್ಲ.

ಒಬ್ಬ ಅಜ್ಜಿಯ ಗಂಡ ನಮ್ಮ ಶೈತ್ಯಕೋಣೆಯಲ್ಲಿದ್ದಾನೆ. ಅವಳು ದಿನವೂ ಅದರ ಬಾಗಿಲ ಬಳಿ ಶಾಲು ಹೊದ್ದು ಕೂರುತ್ತಾಳೆ. ನನ್ನನ್ನು ಕಂಡೊಡನೆ, "ಇವತ್ತಾದ್ರೂ ಇನ್ಯಾರಾದ್ರೂ ಬಂದ್ರಾ ಮಗಾ?" ಎಂದು ಕೇಳಿ, ತಾನೇ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ನಿನ್ನೆ ಎರಡನೆಯದು ಬಂತು. ಇವತ್ತು ಬೆಳಿಗ್ಗೆ ಗೇಟಿನಲ್ಲಿ ಮತ್ತೊಂದು ಶವದ ಗಾಡಿ ನಿಂತದ್ದೇ ತಡ, ನಾನು ಓಡಿಹೋಗಿ, "ಅಜ್ಜೀ, ಬಂತು ಬಂತು!" ಎಂದು ಕೂಗಿದೆ. ಅಜ್ಜಿ ನನ್ನ ಎರಡೂ ಕೈ ಹಿಡಿದು ನಕ್ಕಳು. ನಾನೂ ನಕ್ಕೆ, ಅಕ್ಕಾ.

ಗಾಡಿಯಿಂದ ಇಳಿದ ಹೆಂಗಸು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. "ಏನ್ ಬಂತಪ್ಪಾ?" ಎಂದಳು.

ಕುಲುಮೆ ಹಚ್ಚಲು ಕರೆಯುತ್ತಿದ್ದಾರೆ, ಹೊರಟೆ.

ನಿನ್ನ ತಮ್ಮ