ಎಳೆದರೆ ಕಳಚುವ ಪರದೆ

ಆಸ್ಪತ್ರೆಯ ಹೊಲಿಗೆ ಕೋಣೆ
ಹದಿನಾಲ್ಕನೇ ತಾರೀಕು, ಗುರುವಾರ ಬೆಳಿಗ್ಗೆ

ನನ್ನ ಗುಬ್ಬಿಗೆ,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನುತ್ತಿದ್ದೀಯಾ, ಇಲ್ಲಾ ಅಂಗಡಿಯಲ್ಲಿ ಊರವರ ಕಾಲಿಗೆಲ್ಲ ಚಪ್ಪಲಿ ತೊಡಿಸುವುದರಲ್ಲೇ ನಿನ್ನ ಹೊಟ್ಟೆ ಮರೆತುಹೋಗುತ್ತದಾ? ಫೋನ್ ಮಾಡಿದರೆ ಸ್ವಿಚ್ ಆಫ್. ಕಾಗದವನ್ನು ಹಾಗೆ ಆಫ್ ಮಾಡಲಾಗುವುದಿಲ್ಲವಲ್ಲ ಅಂತ ಬರೆಯಲು ಕೂತೆ. ನಾನು ಇದ್ದೀನಿ, ಅಷ್ಟೇ. ಸೊಂಟ ಬಿದ್ದುಹೋಗಿದೆ. ಸೂಜಿಗೆ ದಾರ ಪೋಣಿಸಲು ಕನ್ನಡಕವೂ ಸಾಲದಾಗಿದೆ. ನಿಮ್ಮಪ್ಪ ಎಂದಿನಂತೆ ಟಿವಿ ಮುಂದೆ ಕೂತು ಸರ್ಕಾರಕ್ಕೆ ಬುದ್ಧಿ ಹೇಳುತ್ತಾರೆ, ಅದು ಕೇಳುವುದಿಲ್ಲ.

ಆ ಸರ್ಕಾರದ್ದೇ ಒಂದು ಸುದ್ದಿ ಇದೆ. ವಿಧಾನಸಭೆಯಲ್ಲಿ ಹೊಸ ಕಾನೂನು ಪಾಸಾಗಿದೆ. ಮನಸ್ಸಿಗೆ ತಡೆಯಲಾರದಷ್ಟು ಕಷ್ಟವಾಗಿ ತುರ್ತು ವಾರ್ಡಿಗೆ ಬಂದವರನ್ನು ಇನ್ನು ಮೇಲೆ ಕಾರಿಡಾರಿನಲ್ಲಿ, ಮುರಿದ ಕೈಕಾಲುಗಳ ನಡುವೆ ಮಲಗಿಸುವಂತಿಲ್ಲವಂತೆ. ಅವರಿಗೆಂದೇ ಬೇರೆ ಕೋಣೆ ಇರಬೇಕು, ಆ ವಿದ್ಯೆ ಕಲಿತ ಡಾಕ್ಟರು ಬಂದು ನೋಡಬೇಕು, ಸುಮ್ಮಸುಮ್ಮನೆ ಕಟ್ಟಿಹಾಕಬಾರದು, ಮನೆಯವರೊಬ್ಬರು ಜೊತೆಗಿರಲು ಬಿಡಬೇಕು. ನಿಮ್ಮಪ್ಪ 'ಎಲ್ಲಾ ಕಣ್ಣೊರೆಸೋ ಆಟ' ಅಂದು ಚಾನೆಲ್ ಬದಲಿಸಿದರು. ನನಗೂ ಹಾಗೇ ಅನ್ನಿಸಿತು. ಈ ಗೋಡೆಗಳ ನಡುವೆ ಎಷ್ಟು ಸುತ್ತೋಲೆ ಬಂದು ಹೋಗಿದ್ದನ್ನು ನಾನು ನೋಡಿಲ್ಲ? ಖುಷಿಪಡಲೂ ಶಕ್ತಿ ಬೇಕು ಕಣೇ, ಅದು ನನ್ನಲ್ಲಿ ಉಳಿದಿಲ್ಲ.

ಆದರೆ ಕೋಣೆಯಂತೂ ನಿಜವಾಗಿ ಆಗಿದೆ. ನನ್ನ ಪಕ್ಕದಲ್ಲಿ ಹಳೇ ಹಾಸಿಗೆಗಳ ಉಗ್ರಾಣ ಇತ್ತಲ್ಲ, ಅದನ್ನೇ ಖಾಲಿ ಮಾಡಿ ಬಣ್ಣ ಬಳಿದಿದ್ದಾರೆ. ಕಿಟಕಿಗೆ ಪರದೆ ಹೊಲಿಯಲು ಹೆಡ್ ನರ್ಸು ಬಟ್ಟೆ ಕೊಟ್ಟರು. ಆಸ್ಪತ್ರೆಗೆ ಹೊಲಿಯುವುದೆಂದರೆ ನನಗೆ ಗೊತ್ತಿರುವುದು ಒಂದೇ ರೀತಿ: ದಪ್ಪ ದಾರ, ಜೋಡಿ ಹೊಲಿಗೆ, ಕೊನೆಯಲ್ಲಿ ಹಿಂದೆ ಮುಂದೆ ಓಡಿಸಿ ಬಿಗಿ ಮಾಡುವುದು. ಹಾಗೇ ಹೊಲಿದು ಕಳಿಸಿದೆ. ಸಂಜೆಯೊಳಗೆ ವಾಪಸ್ ಬಂತು! ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು ನಿನಗೆ ಗೊತ್ತಲ್ಲ, ಪರದೆ ಹೆಗಲ ಮೇಲೆ ಹಾಕಿಕೊಂಡು ಜಗಳಕ್ಕೇ ಹೋದೆ. ಹೆಡ್ ನರ್ಸು ದನಿ ತಗ್ಗಿಸಿ, 'ಇದು ಗಟ್ಟಿ ಇರಬಾರದಮ್ಮಾ. ಯಾರಾದ್ರೂ ಭಾರ ಹಾಕಿದ್ರೆ ಕಳಚಿ ಕೆಳಗೆ ಬೀಳಬೇಕು' ಅಂದರು. ಪರದೆಯನ್ನು ಹೆಗಲಿಂದ ಇಳಿಸಿ ಮಡಚಿಕೊಂಡೆ.

ವಾಪಸ್ ಬಂದು ಬಿಚ್ಚಲು ಕೂತರೆ ಕಿವಿಯಲ್ಲಿ ನಿನ್ನದೇ ಮಾತು. ಹೋದ ಸಲ ನಿನ್ನನ್ನು ತುರ್ತು ವಾರ್ಡಿಗೆ ಕರೆತಂದಾಗ ಕಾರಿಡಾರಿನ ಸ್ಟ್ರೆಚರಿಗೆ ನಿನ್ನ ಮಣಿಕಟ್ಟು ಬಿಗಿದಿದ್ದರು. ಆ ಪಟ್ಟಿಗಳು ನಾನು ಹೊಲಿದವು. ಗಾಯಗೊಂಡವರ ಕೈ ಅಲುಗದಿರಲಿ ಅಂತ ಕೇಳಿದ್ದರು, ಹೊಲಿದುಕೊಟ್ಟಿದ್ದೆ. ಕಾವಲುಗಾರ ನನ್ನನ್ನು ಹೊರಗೆ ಅಟ್ಟುತ್ತಿದ್ದಾಗ ನೀನು ತಲೆ ಎತ್ತಿ, 'ಅಮ್ಮಾ, ನಿನ್ನ ಹೊಲಿಗೆ ಬಿಚ್ಚೋದೇ ಇಲ್ವಲ್ಲೇ' ಅಂದೆ. ನಗುತ್ತಿದ್ದೆಯೋ ಅಳುತ್ತಿದ್ದೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಆಮೇಲೆ ಬಾಗಿಲ ಗಾಜಿನಲ್ಲಿ ನಿನ್ನ ಪಾದಗಳಷ್ಟೇ ಕಾಣುತ್ತಿದ್ದವು. ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಲ್ಲ ಅಂತ ನೀನು ಅಂದಾಗ ನಾನು ಎದುರಾಡಲಿಲ್ಲ. ಯಾವ ಬಾಯಲ್ಲಿ ಎದುರಾಡಲಿ?

ಈಗ ಪರದೆಯ ಮೇಲಂಚಿಗೆ ಚರ್ರನೆ ಬಿಟ್ಟುಕೊಳ್ಳುವ ಅಂಟುಪಟ್ಟಿ ಇಟ್ಟಿದ್ದೇನೆ. ತೂಗುಹಾಕಿಸಿ ನಾನೇ ಹಿಡಿದು ಜೋತುಬಿದ್ದೆ. ಪರದೆಯೂ ನಾನೂ ದೊಪ್ಪನೆ ನೆಲದ ಮೇಲೆ! ಹೆಡ್ ನರ್ಸು ಓಡಿಬಂದು ಎತ್ತಿದರು. ನನಗೆ ನಗು ತಡೆಯಲಾಗಲಿಲ್ಲ, ಆಮೇಲೆ ಅಳುವೂ ತಡೆಯಲಾಗಲಿಲ್ಲ. ಇಷ್ಟು ವರ್ಷ ಬಿಚ್ಚದ ಹಾಗೆ ಹೊಲಿದವಳಿಗೆ, ಬಿಚ್ಚಿಕೊಂಡಿದ್ದು ನೋಡಿ ಇಷ್ಟು ಸಮಾಧಾನವಾಗುತ್ತದೆ ಅಂತ ಗೊತ್ತಿರಲಿಲ್ಲ. ಹಾಗಂತ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ, ಡಾಕ್ಟರು ದಿನವೂ ಬರುವುದಿಲ್ಲ.

ಬೆಚ್ಚಗಿರು ಮಗಳೇ. ನಿನ್ನ ನೆತ್ತಿಯ ಮೇಲೆ ನನ್ನ ಕೈ ಇದೆ ಅಂದುಕೋ.

ನಿನ್ನ
ಅಮ್ಮ

ಮರೆತಿದ್ದೆ ಅಂತ ಸುಳ್ಳು ಹೇಳಲಾರೆ, ಬರೆಯಲು ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡೆ. ನಾನು ಬರೆಯಲು ಕೂರುವ ಮುಂಚೆಯೇ ನಿನ್ನ ರೂಮಿನ ಗೆಳತಿ ಫೋನ್ ಮಾಡಿದ್ದಳು. ನಿನಗೆ ಮತ್ತೆ ನಿದ್ದೆ ಇಲ್ಲವಂತೆ, 'ನಾನಿಲ್ಲದಿದ್ದರೇ ಎಲ್ಲರಿಗೂ ಹಗುರ' ಅಂದೆಯಂತೆ, ಚಿಲಕ ಹಾಕಿಕೊಂಡು ಕೂತಿದ್ದೀಯಂತೆ. ಅವಳ ಮೇಲೆ ಸಿಟ್ಟಾಗಬೇಡ, ಬಾಗಿಲ ಆಚೆ ಅವಳಿದ್ದಾಳೆ. ನನಗೆ ಹಗುರವಾಗುವುದಿಲ್ಲ ಗುಬ್ಬಿ, ಯಾವತ್ತೂ ಆಗುವುದಿಲ್ಲ. ಡಾಕ್ಟರು ಇವತ್ತು ಇದ್ದಾರೆ, ನೀನು ಬರುತ್ತೀ ಅಂತ ಹೆಡ್ ನರ್ಸಿಗೆ ಹೇಳಿದ್ದೇನೆ. ನಾನೇ ಓಡಿಬರುತ್ತಿದ್ದೆ, ಆದರೆ ಆ ಕೋಣೆಯನ್ನು ಇನ್ನೊಬ್ಬರು ಇನ್ಯಾವುದಕ್ಕೋ ಬಳಸದ ಹಾಗೆ ಹೊಸ್ತಿಲಲ್ಲಿ ಕೂರಲು ಒಬ್ಬರು ಬೇಕಲ್ಲ. ನೀನು ಬಂದ ಮೇಲೆ ನಿನ್ನ ಪಕ್ಕದಲ್ಲಿ ಕೂರುತ್ತೇನೆ, ಈ ಸಲ ನನ್ನನ್ನು ಹೊರಗೆ ಅಟ್ಟುವಂತಿಲ್ಲ. ಈ ಕಾಗದವನ್ನು ಬಾಗಿಲ ಸಂದಿಯಿಂದ ತೂರಿಸಿದವರು ನಿಮ್ಮಪ್ಪ. ನಾನು ಫೋನ್ ಮಾಡಿದ ಕೂಡಲೇ ಟಿವಿ ಕೂಡ ಆರಿಸದೆ ಎದ್ದು, ಕಾಗದ ಒಯ್ಯಲು ಇಲ್ಲಿಗೆ ಬಂದಿದ್ದಾರೆ. ಅವರಿಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು, ಹೊರಗೆ ಸುಮ್ಮನೆ ಕೂತಿರುತ್ತಾರೆ. ಬಾಗಿಲು ತೆಗಿ.