ನುಂಗಿದ ಮಾತು

ಕಲ್ಹೇರ್, ಮಂಗಳವಾರ

ತಮ್ಮ ಶಿಮೋನನಿಗೆ ಪ್ರಭುವಿನ ಹೆಸರಿನಲ್ಲಿ ವಂದನೆ,

ಕೆಟ್ಟ ಕನಸು ಬಿತ್ತು. ನೀನು ಸಭೆಯ ಮುಂದೆ ಪ್ರಸಂಗಕ್ಕೆ ನಿಂತಿದ್ದೆ, ಬಾಯಿ ತೆರೆದರೆ ಒಳಗೆ ನಾಲಿಗೆಯೇ ಇರಲಿಲ್ಲ. ಎದ್ದ ಮೇಲೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು.

ನಾರಾಯಣಖೇಡದ ಕಚೇರಿಯಲ್ಲಿ ಎಲ್ಲವೂ ಉರ್ದು. ನಮ್ಮ ಓಣಿಯ ಸಿದ್ದಮ್ಮನಿಗೆ ಅದು ಬಾರದೆಂದೇ ಅವಳ ಮಾತನ್ನು ಉರ್ದುವಿನಲ್ಲಿ ತಿಳಿಸಲು ಪಾದ್ರಿಗಳು ನಿನ್ನನ್ನು ಜೊತೆಗೆ ನಿಲ್ಲಿಸಿದರು. ತಾನು ಜ್ವರದಲ್ಲಿ ಮೈಮರೆತು ಬಿದ್ದಾಗ ಪಟೇಲ ತನ್ನ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿ ಹೊಲ ಬರೆಸಿಕೊಂಡ ಎಂದು ಅವಳು ಅತ್ತು ಹೇಳಿದಳು. ನೀನು ಮಾತ್ರ ಹೆಬ್ಬೆಟ್ಟು ಇವಳದೇ ಎಂದಷ್ಟೇ ಉರ್ದುವಿನಲ್ಲಿ ಹೇಳಿ ಮುಗಿಸಿದೆ. ನಾನು ಬಾಗಿಲಲ್ಲೇ ಇದ್ದೆ. ಸಂತೆಯ ಉರ್ದು ನನಗೂ ತಿಳಿಯುತ್ತದೆ. ಪಟೇಲ ನಿನಗೆ ನೌಕರಿ ಕೊಡಿಸುತ್ತೇನೆ ಎಂದದ್ದೂ ಗೊತ್ತು.

ಬಂಡಿಯಲ್ಲಿ ಬರುವಾಗ ಸಿದ್ದಮ್ಮ, “ಉರ್ದು ಭಾಳ ಸಣ್ಣ ಭಾಷಾ ಅದ ನೋಡವ್ವ. ನಾ ಅಷ್ಟೆಲ್ಲ ಹೇಳೀನಿ, ನಿನ್ನ ತಮ್ಮ ಎರಡೇ ಮಾತಿನಾಗ ಮುಗಿಸ್ಯಾನ” ಎಂದಳು.

ಅವ್ವ ಸತ್ತಾಗ ನೀನು ಓದಲೆಂದು ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟೆ. ದೇವರು ನಿನ್ನ ನಾಲಿಗೆಗೆ ಮೂರು ಭಾಷೆ ಕೊಟ್ಟ. ಒಡೆಯ ಕೊಟ್ಟ ತಲಾಂತಿನ ಹಣವನ್ನು ಮಣ್ಣಲ್ಲಿ ಹೂತಿಟ್ಟ ಆಳನ್ನು ಪ್ರಸಂಗದಲ್ಲಿ ಬೈಯುತ್ತೀ. ಅವನಾದರೂ ಹೂತದ್ದನ್ನು ಅಗೆದು ಒಡೆಯನಿಗೆ ಕೊಟ್ಟ. ನೀನು ಇನ್ನೊಬ್ಬಳ ಮಾತನ್ನೇ ನುಂಗಿದೆ.

ಒಗೆದ ಅಂಗಿಗಳನ್ನು ಬಂಡಿಯವನ ಕೈಲಿ ಕಳಿಸಿದ್ದೇನೆ. ಕಚೇರಿಯ ಮುಂದಿನ ಪೇಶಿಗೆ, ವಿಚಾರಣೆಯ ದಿನ, ನಾನೂ ಬರುತ್ತೇನೆ. ಜ್ವರದ ಮಾತು ನೀನು ಎತ್ತದಿದ್ದರೆ ನಾನೇ ಎದ್ದು ಹೇಳುತ್ತೇನೆ. ಸಂತೆಯಲ್ಲಿ ಜ್ವರಕ್ಕೆ ಬುಖಾರ್ ಎನ್ನುತ್ತಾರೆ. ಕಚೇರಿಯಲ್ಲೂ ಅದೇ ಮಾತು ನಡೆಯುತ್ತದೆಯೇ, ವಿಚಾರಿಸಿ ತಿಳಿಸು.

ನಿನ್ನ ಅಕ್ಕ
ದೇವಮಣಿ