ಖಾಲಿ ಬಿಟ್ಟ ಸಾಲು

ಸೋಮವಾರ, ಮಧ್ಯಾಹ್ನ
ಆಫೀಸಿನ ಹಿಂದಿನ ಕೋಣೆ

ಗಾಡಿಯ ಯಜಮಾನರಿಗೆ,

ನಮಸ್ಕಾರ. ಇಷ್ಟು ಕಾಲ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿದ್ದಾಳೆಂದರೆ ಯಾರೋ ಹೋಗಿಬಿಟ್ಟರು ಅಂದುಕೊಳ್ಳಬೇಡಿ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಬಂದಿರುವುದು ಆಡಿಟರ್ ಮಾತ್ರ.

ನಮ್ಮ ಆರೋಗ್ಯ ಸಂಸ್ಥೆಯ ತಾಯಿ-ಮಗು ಗಾಡಿಗೆ ಕೇಂದ್ರ ಸರ್ಕಾರ ಕೊಟ್ಟ ಅನುದಾನ ಹೇಗೆ ಖರ್ಚಾಯಿತೆಂದು ನೋಡಲು ಬಂದಿದ್ದಾಳೆ. ಚಿಕ್ಕ ಹುಡುಗಿ, ನಗು ಕಡಿಮೆ, ನೆಗಡಿ ಜಾಸ್ತಿ. ಡೀಸೆಲ್, ಔಷಧಿ, ನರ್ಸಮ್ಮನ ಸಂಬಳ ಎಲ್ಲ ಸರಿಹೋಯಿತು. ಗಾಡಿ ಓಡಿಸಿದ ನಿಮ್ಮ ಕೊನೆಯ ವರ್ಷದ ಸಂಬಳಕ್ಕೆ ಬಂದು ನಿಂತಿತು.

ನಿಯಮ ನಿಮಗೆ ಗೊತ್ತಿರುವುದೇ. ಅನುದಾನದಿಂದ ಸಂಬಳ ಪಡೆಯುವವರೂ ಆ ಲೆಕ್ಕ ಬರೆಯುವವರೂ ಸಂಬಂಧಿಕರಾದರೆ, ಇಬ್ಬರೂ ವರ್ಷಕ್ಕೊಮ್ಮೆ ಅದನ್ನು ಬರೆದುಕೊಡಬೇಕು. ಮದುವೆಯಾದಾಗಿನಿಂದ ನೀವು ‘ಹೆಂಡತಿ’ ಎಂದು, ನಾನು ‘ಗಂಡ’ ಎಂದು ಬರೆಯುತ್ತ ಬಂದೆವು. ನೀವು ಮನೆ ಬಿಟ್ಟು ಅಣ್ಣನ ಮನೆ ಸೇರಿ, ಕೆಲಸಕ್ಕೆ ಮಾತ್ರ ಬರುತ್ತಿದ್ದ ಆ ವರ್ಷ ನಿಮ್ಮ ಸಾಲು ಖಾಲಿ. ನನ್ನದೂ ಖಾಲಿ.

“ಇಬ್ರೂ ಮಾತಾಡ್ಕೊಂಡು ಬಿಟ್ಟಿದ್ದಾ ಮೇಡಂ?” ಎಂದು ಕೇಳಿದಳು.

“ಆ ವರ್ಷ ನಾವು ಮಾತಾಡ್ತಾನೇ ಇರ್ಲಿಲ್ಲಮ್ಮ” ಎಂದೆ.

ಮೂಗೊರೆಸಿಕೊಂಡು, “ಹೌದು ಅಂತನೋ ಇಲ್ಲ ಅಂತನೋ ಬರೀಬಹುದಿತ್ತಲ್ಲ” ಎಂದಳು. ಬರೆಯಬಹುದಿತ್ತು. ಹೌದೆನ್ನಲು ಹಮ್ಮು ಬಿಡಲಿಲ್ಲ, ಇಲ್ಲವೆನ್ನಲು ಪೆನ್ನು ಏಳಲಿಲ್ಲ. ನಿಮ್ಮದೂ ಅದೇ ಕಾರಣವೋ, ಬರೀ ಮರೆವೋ, ನನಗೆ ಗೊತ್ತಿಲ್ಲ.

ಈಗಲಾದರೂ ಇಬ್ಬರೂ ಬರೆದುಕೊಡದಿದ್ದರೆ ಆ ಸಂಬಳವನ್ನು ಸರ್ಕಾರ ಒಪ್ಪುವುದಿಲ್ಲ, ಸಂಸ್ಥೆಯೇ ಹಿಂತಿರುಗಿಸಬೇಕು. ಎಲ್ಲಿಂದ ತರೋದು, ಗಾಡಿ ನಿಲ್ಲಿಸೋಣ ಎನ್ನುತ್ತಿದ್ದಾರೆ ದೊಡ್ಡ ಡಾಕ್ಟರು. ಕಾಲುವೆಯಾಚೆಯ ಬಸುರಿಯರು ಮತ್ತೆ ನಡೆದೇ ಬರಬೇಕಾದೀತು.

ಹೊಸ ಡ್ರೈವರ್ ಒಳ್ಳೆಯವನೇ. ಆದರೆ ನಿಮ್ಮ ಹಾಗೆ, ಮಗು ತೂಗುವ ತಕ್ಕಡಿ ಚಳಿಗೆ ಕೊರೆಯುತ್ತದೆಂದು ಇಂಜಿನ್ ಮೇಲೆ ಟವೆಲ್ ಬೆಚ್ಚಗೆ ಮಾಡಿ ಹಾಸುವುದು ಅವನಿಗೆ ಹೊಳೆಯುವುದಿಲ್ಲ. ಸಂಜೆ ಗಾಡಿ ಗೇಟಿಗೆ ಬಂತೆಂದರೆ, “ಹಾಳೆ ಕೊಡಿ ವೇಳೆಗೆ, ಸಂಬಳ ನೋಡಿ ನಾಳೆಗೆ” ಎಂದು ಕಿಟಕಿಯಿಂದ ಕೂಗಲು ಈಗಲೂ ಬಾಯಿ ತೆರೆಯುತ್ತೇನೆ. ದುಡಿದ ಗಂಟೆಗಳ ಹಾಳೆಯನ್ನು ಸೀಟಿನಡಿಯಿಂದ ಎಳೆಯುತ್ತ ನೀವು, “ಓಡಿಸೋದೂ ನಾನೇ, ಬರಿಯೋದೂ ನಾನೇನಾ ಲೆಕ್ಕದಮ್ಮ?” ಎನ್ನುತ್ತಿದ್ದಿರಿ. ಹಾಳೆ ತುಂಬ ಗ್ರೀಸ್ ವಾಸನೆ. ಬೈಯುತ್ತಲೇ ಮೂಸುತ್ತಿದ್ದೆ. ಪುಣ್ಯಕ್ಕೆ ಅದನ್ನು ಯಾವ ಸರ್ಕಾರಕ್ಕೂ ಬರೆದುಕೊಡಬೇಕಾಗಿಲ್ಲ.

ನಾವಿಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ, ಅದು ಬೇರೆ ಮಾತು. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಆ ವರ್ಷ ನಿಮ್ಮ ಮನಸ್ಸಿನಲ್ಲಿ ಏನಿತ್ತೋ ಅದನ್ನೇ ಬರೆಯಿರಿ. ನನ್ನದು ಬರೆದು ಕೊಟ್ಟಾಗಿದೆ. ಗುರುವಾರ ಖುದ್ದಾಗಿ ಬಂದು ನನ್ನೆದುರಿಗೇ ಬರೆಯತಕ್ಕದ್ದು ಎಂಬುದು ನಿಯಮ.

ಇಂತಿ,
ಲೆಕ್ಕದಮ್ಮ

ತಾಜಾ ಕಲಂ: ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ ಎಂದಿದ್ದಾಳೆ ಆಡಿಟರ್ ಹುಡುಗಿ. ಬಂದೇ ಬರೆಯಬೇಕೆಂಬ ನಿಯಮ ನನ್ನದು.